ವಯಸ್ಸು, ಕಾಲ, ಪೀಳಿಗೆ: ರೋಗದ ಲೆಕ್ಕವನ್ನು ಓದುವ ಬಗೆ

"ನಮ್ಮ ಕಾಲದಲ್ಲಿ ಇಂಥ ಕಾಯಿಲೆಗಳೇ ಇರಲಿಲ್ಲ" ಎಂಬ ಮಾತನ್ನು ಹಿರಿಯರ ಬಾಯಿಂದ ಕೇಳದ ಮನೆ ನಮ್ಮ ಸೀಮೆಯಲ್ಲಿ ಇರಲಾರದು. ಭದ್ರಾವತಿಯ ನ್ಯೂಟೌನಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಜ್ಜ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅವರಿಗೆ ಸಕ್ಕರೆ ಕಾಯಿಲೆ ಕಾಣಿಸಿದ್ದು ಅರವತ್ತು ದಾಟಿದ ಮೇಲೆ. ಶಿವಮೊಗ್ಗದ ಕಚೇರಿಯೊಂದರಲ್ಲಿ ಕುಳಿತು ಕೆಲಸ ಮಾಡುವ ಮಗನಿಗೆ ಅದು ನಲವತ್ತೈದಕ್ಕೇ ಬಂತು. ಮೊಮ್ಮಗನಿಗೆ ಮೂವತ್ತು ತುಂಬುವ ಮೊದಲೇ ವೈದ್ಯರು ಎಚ್ಚರಿಕೆ ನೀಡಿದ್ದಾರೆ. "ಕಾಲ ಕೆಟ್ಟಿದೆ" ಎನ್ನುತ್ತಾರೆ ಅಜ್ಜಿ. "ವಯಸ್ಸಾಗುತ್ತಾ ಬಂದಂತೆ ಇದೆಲ್ಲ ಸಹಜ" ಎನ್ನುತ್ತಾನೆ ಮಗ. "ಈಗಿನ ಮಕ್ಕಳು ಬೆಳೆದ ರೀತಿಯೇ ಬೇರೆ ಅತ್ತೆ" ಎನ್ನುತ್ತಾಳೆ ಸೊಸೆ.

ಮೂವರ ಮಾತೂ ಬರಿಯ ಹರಟೆಯಲ್ಲ. ರೋಗಗಳ ಏರಿಳಿತವನ್ನು ಅಳೆಯುವ ಶಾಸ್ತ್ರವು ಇದೇ ಮೂರು ಕಾರಣಗಳನ್ನು ವಯಃಪ್ರಭಾವ, ಕಾಲಪ್ರಭಾವ ಮತ್ತು ಪೀಳಿಗೆಯ ಪ್ರಭಾವ ಎಂದು ಹೆಸರಿಸಿ ವಿಂಗಡಿಸಲು ಯತ್ನಿಸುತ್ತದೆ. ಈ ವಿಂಗಡಣೆ ಏಕೆ ಬೇಕು, ಅದು ಎಲ್ಲಿಯವರೆಗೆ ಸಾಧ್ಯ, ಎಲ್ಲಿ ಅಸಾಧ್ಯ ಎಂಬುದನ್ನು ಈ ತಿಂಗಳ ಪಾಠದಲ್ಲಿ ನೋಡೋಣ. ಲೆಕ್ಕವೆಂದು ಹೆದರಬೇಕಾಗಿಲ್ಲ, ಕೂಡುವುದು, ಗುಣಿಸುವುದು ಬಲ್ಲವರಿಗೆಲ್ಲ ಇದು ತಿಳಿಯುವ ವಿಷಯವೇ.

ಮೂರು ಪ್ರಭಾವಗಳು

ಮೊದಲನೆಯದು ವಯಸ್ಸು. ಕಣ್ಣಿನ ಪೊರೆ, ರಕ್ತದೊತ್ತಡ, ಬಹುತೇಕ ಕ್ಯಾನ್ಸರ್‌ಗಳು ವಯಸ್ಸಾದಂತೆ ಹೆಚ್ಚುತ್ತವೆ. ಯಾವ ವರ್ಷದಲ್ಲಿ ಹುಟ್ಟಿದವರಿಗೂ ಯಾವ ಕಾಲದಲ್ಲಿ ಬದುಕಿದವರಿಗೂ ಇದು ತಪ್ಪಿದ್ದಲ್ಲ. ದೇಹವು ಸವೆಯುವುದರ ಫಲವಿದು.

ಎರಡನೆಯದು ಕಾಲ. ಒಂದು ನಿರ್ದಿಷ್ಟ ವರ್ಷ ಅಥವಾ ಕೆಲವು ವರ್ಷಗಳಲ್ಲಿ ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ತಟ್ಟುವ ಬದಲಾವಣೆ ಇದು. ನಮ್ಮ ಜಿಲ್ಲೆಗೆ ಇದರ ಉದಾಹರಣೆಯನ್ನು ಹೊರಗಿನಿಂದ ತರಬೇಕಾಗಿಲ್ಲ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಮನುಷ್ಯರೂ ಜ್ವರದಿಂದ ಮಲಗಿದರು. ಉಣ್ಣೆಯ ಕಡಿತದಿಂದ ಹರಡುವ ಆ ರೋಗವೇ ಮಂಗನ ಕಾಯಿಲೆ. ೨೦೧೮ರ ಕೊನೆ ಮತ್ತು ೨೦೧೯ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮತ್ತೆ ಉಲ್ಬಣಿಸಿತು. ಅಂಥ ಒಂದು ಋತುವಿನಲ್ಲಿ ಸೊಪ್ಪು, ತರಗೆಲೆ, ಸೌದೆಗೆಂದು ಕಾಡಿಗೆ ಹೋದ ಯಾರೂ, ಅವರು ಇಪ್ಪತ್ತರವರಾಗಲಿ ಅರವತ್ತರವರಾಗಲಿ, ಅಪಾಯದ ಹೊರಗಿರಲಿಲ್ಲ. ಕಾಲಪ್ರಭಾವ ಒಳ್ಳೆಯದೂ ಆಗಿರಬಹುದು. ೧೯೫೩ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಮನೆಮನೆಯ ಗೋಡೆಗೆ ಡಿಡಿಟಿ ಸಿಂಪಡಿಸಿದಾಗ ಚಳಿಜ್ವರವು ಎಲ್ಲ ವಯಸ್ಸಿನವರಲ್ಲೂ ಒಮ್ಮೆಗೇ ತಗ್ಗಿತು.

ಮೂರನೆಯದು ಪೀಳಿಗೆ, ಎಂದರೆ ಒಂದೇ ಅವಧಿಯಲ್ಲಿ ಹುಟ್ಟಿದವರ ಗುಂಪು. ಹಿರಿಯರ ತೋಳಿನ ಮೇಲೆ ಸಿಡುಬಿಗೆ ದಾಕು ಹಾಕಿಸಿದ ದುಂಡನೆಯ ಗುರುತನ್ನು ನೋಡಿರಬಹುದು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು ೧೯೭೫ರಲ್ಲಿ. ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ್ದು ೧೯೮೦ರಲ್ಲಿ. ಆಮೇಲೆ ಹುಟ್ಟಿದವರ ತೋಳಿನಲ್ಲಿ ಆ ಗುರುತಿಲ್ಲ. (ಕ್ಷಯದ ಬಿಸಿಜಿ ಲಸಿಕೆಯ ಗುರುತು ಬೇರೆ.) ಈ ಗುರುತು ವಯಸ್ಸಾದಂತೆ ಮೂಡುವುದಲ್ಲ, ಯಾವುದೋ ವರ್ಷ ಎಲ್ಲರಿಗೂ ಬಂದದ್ದೂ ಅಲ್ಲ. ಹುಟ್ಟಿದ ಕಾಲದಿಂದ ಅದು ನಿರ್ಧಾರವಾಯಿತು. ಮುಂದೆ ಜೀವನಪರ್ಯಂತ ಜೊತೆಗೇ ಬಂತು. ಹಾಗೆಯೇ ಗರ್ಭದಲ್ಲಿದ್ದಾಗ ದೊರೆತ ಪೋಷಣೆ, ಬಾಲ್ಯದ ಸೋಂಕು, ಹದಿಹರೆಯದಲ್ಲಿ ಕಲಿತ ಚಟ, ಮದುವೆಯಾದ ವಯಸ್ಸು, ಹೆತ್ತ ಮಕ್ಕಳ ಸಂಖ್ಯೆ ಇವೆಲ್ಲವೂ ಕಣ್ಣಿಗೆ ಕಾಣದ ಗುರುತುಗಳಾಗಿ ಪೀಳಿಗೆಯೊಂದಿಗೆ ನಡೆದುಬರುತ್ತವೆ.

ಕ್ಷಯರೋಗ ಕಲಿಸಿದ ಪಾಠ

ಪೀಳಿಗೆಯನ್ನು ಗಮನಿಸದಿದ್ದರೆ ಎಂಥ ತಪ್ಪಾಗುತ್ತದೆ ಎಂಬುದನ್ನು ಸ್ಪಷ್ಟವಾಗಿ ತೋರಿಸಿದವರಲ್ಲಿ ಅಮೆರಿಕದ ವೇಡ್ ಹ್ಯಾಂಪ್ಟನ್ ಫ್ರಾಸ್ಟ್ ಪ್ರಮುಖರು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ೧೮೮೦ರಿಂದ ೧೯೩೦ರವರೆಗೆ ಹತ್ತು ಹತ್ತು ವರ್ಷಕ್ಕೆ ದಾಖಲಾದ ಕ್ಷಯದ ಸಾವುಗಳನ್ನು ಅವರು ಪರಿಶೀಲಿಸಿದರು. ೧೯೩೦ರ ಅಂಕಿಗಳನ್ನಷ್ಟೇ ನೋಡಿದರೆ ಐವತ್ತು ದಾಟಿದವರಲ್ಲಿ ಸಾವಿನ ಪ್ರಮಾಣ ಅತಿ ಹೆಚ್ಚು ಕಾಣುತ್ತಿತ್ತು. ಹಾಗಾದರೆ ಕ್ಷಯವು ಮುಪ್ಪಿನ ರೋಗವೇ? ಫ್ರಾಸ್ಟ್ ಅಂಕಿಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದರು. ೧೮೮೦ರ ಹೊತ್ತಿಗೆ ಮಕ್ಕಳಾಗಿದ್ದವರು ೧೮೯೦ರಲ್ಲಿ, ೧೯೦೦ರಲ್ಲಿ, ೧೯೧೦ರಲ್ಲಿ ಹೇಗಿದ್ದರು ಎಂದು ಅದೇ ಗುಂಪನ್ನು ಹಿಂಬಾಲಿಸಿದರು. ಆಗ ಕಂಡದ್ದೇ ಬೇರೆ: ಆ ಪೀಳಿಗೆಯಲ್ಲಿ ಶೈಶವವನ್ನು ಬಿಟ್ಟರೆ ಸಾವು ಅತಿ ಹೆಚ್ಚಾಗಿದ್ದುದು ಇಪ್ಪತ್ತರ ಹರೆಯದಲ್ಲಿ, ಆಮೇಲೆ ಇಳಿಯುತ್ತಲೇ ಬಂದಿತ್ತು. ೧೯೩೦ರ ವೃದ್ಧರಲ್ಲಿ ಕ್ಷಯ ಹೆಚ್ಚಿದ್ದುದಕ್ಕೆ ಅವರ ಮುಪ್ಪು ಕಾರಣವಲ್ಲ. ಸೋಂಕು ದಟ್ಟವಾಗಿದ್ದ ಕಾಲದಲ್ಲಿ ಅವರು ಬೆಳೆದುದೇ ಕಾರಣ. ಫ್ರಾಸ್ಟ್ ೧೯೩೮ರಲ್ಲಿ ತೀರಿಕೊಂಡರು. ಈ ಲೇಖನ ಬೆಳಕು ಕಂಡದ್ದು ಮರುವರ್ಷ. ನಾರ್ವೆಯ ಆಂಡ್‌ವೋರ್ಡ್ ೧೯೩೦ರಲ್ಲೇ ಇದೇ ದಾರಿಯಲ್ಲಿ ನಡೆದಿದ್ದರು. ೧೯೩೪ರಲ್ಲಿ ಬ್ರಿಟನ್ ಮತ್ತು ಸ್ವೀಡನ್ನಿನ ಮರಣಪ್ರಮಾಣವನ್ನು ಪೀಳಿಗೆಯ ದೃಷ್ಟಿಯಿಂದ ಪರಿಶೀಲಿಸಿದ ಮೂವರಲ್ಲಿ ಒಬ್ಬರಾದ ಮೆಕೆಂಡ್ರಿಕ್ ನಮ್ಮ ದೇಶದ ಕಸೌಲಿಯ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದವರೆಂಬುದು ನೆನೆಯತಕ್ಕ ಸಂಗತಿ.

ಒಂದು ಕೋಷ್ಟಕ, ಎರಡು ವಿವರಣೆ

ಇನ್ನು ನಿಜವಾದ ತೊಡಕಿಗೆ ಬರೋಣ. ತಿಳಿಯಲೆಂದೇ ಮಾಡಿಕೊಂಡ ಒಂದು ಕಲ್ಪಿತ ಲೆಕ್ಕವನ್ನು ಇಲ್ಲಿ ಕೊಟ್ಟಿದೆ. ಇವು ಯಾವ ಊರಿನ ಅಂಕಿಗಳೂ ಅಲ್ಲ. ಒಂದು ರೋಗವು ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಹೊಸದಾಗಿ ಬಂತು ಎಂಬುದನ್ನು ೩೦, ೪೦, ೫೦, ೬೦ ವಯಸ್ಸಿನವರಿಗೆ ಕ್ರಮವಾಗಿ ಬರೆದಿದೆ.

೧೯೯೦ರಲ್ಲಿ: ೮, ೮, ೮, ೮
೨೦೦೦ದಲ್ಲಿ: ೧೬, ೧೬, ೧೬, ೧೬
೨೦೧೦ರಲ್ಲಿ: ೩೨, ೩೨, ೩೨, ೩೨
೨೦೨೦ರಲ್ಲಿ: ೬೪, ೬೪, ೬೪, ೬೪

ಮೊದಲ ವಿವರಣೆ ಹೀಗೆ: ವಯಸ್ಸಿಗೂ ರೋಗಕ್ಕೂ ಸಂಬಂಧವಿಲ್ಲ, ಪೀಳಿಗೆಗೂ ಸಂಬಂಧವಿಲ್ಲ, ಕಾಲ ಮಾತ್ರ ಕೆಡುತ್ತಿದೆ, ಹತ್ತು ವರ್ಷಕ್ಕೊಮ್ಮೆ ರೋಗ ಇಮ್ಮಡಿಯಾಗುತ್ತಿದೆ. ಲೆಕ್ಕ ಸರಿಹೊಂದುತ್ತದೆ.

ಎರಡನೆಯ ವಿವರಣೆ ಹೀಗೆ: ಕಾಲ ಏನನ್ನೂ ಮಾಡಿಲ್ಲ. ವಯಸ್ಸು ಹತ್ತು ಹೆಚ್ಚಿದರೆ ರೋಗ ಇಮ್ಮಡಿಯಾಗುತ್ತದೆ. ಹತ್ತು ವರ್ಷ ತಡವಾಗಿ ಹುಟ್ಟಿದ ಪೀಳಿಗೆಗೂ ರೋಗ ಇಮ್ಮಡಿ. ಪರೀಕ್ಷಿಸಿ ನೋಡೋಣ. ೧೯೬೦ರಲ್ಲಿ ಹುಟ್ಟಿದವರಿಗೆ ೧೯೯೦ರಲ್ಲಿ ೩೦ ವಯಸ್ಸು, ಪ್ರಮಾಣ ೮. ೨೦೦೦ದಲ್ಲಿ ಅವರಿಗೆ ೪೦, ಪ್ರಮಾಣ ೧೬. ೨೦೧೦ರಲ್ಲಿ ೫೦, ಪ್ರಮಾಣ ೩೨. ವಯಸ್ಸಿನೊಂದಿಗೆ ಇಮ್ಮಡಿಯಾಗುತ್ತ ಹೋಗಿದೆ. ಇನ್ನು ಒಂದೇ ವರ್ಷದ ಸಾಲಿನಲ್ಲಿ ೫೦ರವರು ೪೦ರವರಿಗಿಂತ ಹತ್ತು ವರ್ಷ ಹಿರಿಯರು, ಆದ್ದರಿಂದ ಇಮ್ಮಡಿ. ಆದರೆ ಅವರು ಹತ್ತು ವರ್ಷ ಮೊದಲು ಹುಟ್ಟಿದವರು, ಆದ್ದರಿಂದ ಅರ್ಧ. ಎರಡೂ ಸೇರಿ ಸಾಲು ಸಮವಾಗಿ ಉಳಿಯುತ್ತದೆ. ಈ ಲೆಕ್ಕವೂ ಅಷ್ಟೇ ಕರಾರುವಾಕ್ಕಾಗಿ ಹೊಂದುತ್ತದೆ!

ಹೀಗೇಕೆ? ಹುಟ್ಟಿದ ವರ್ಷವೆಂದರೆ ಈಗಿನ ವರ್ಷದಿಂದ ವಯಸ್ಸನ್ನು ಕಳೆದದ್ದು. ಎರಡು ತಿಳಿದರೆ ಮೂರನೆಯದು ತಾನಾಗಿಯೇ ಗೊತ್ತಾಗುತ್ತದೆ; ಒಂದನ್ನು ಮಾತ್ರ ಬದಲಿಸಿ ಉಳಿದೆರಡನ್ನು ಹಾಗೆಯೇ ಇಡಲು ಬರುವುದಿಲ್ಲ. ಆದ್ದರಿಂದ ಒಂದೇ ಸಮನೆ ಏರುವ ಅಥವಾ ಇಳಿಯುವ ನೇರಗತಿಯನ್ನು ಮೂರು ಪ್ರಭಾವಗಳಿಗೆ ಒಂದೇ ಖಚಿತ ರೀತಿಯಲ್ಲಿ ಹಂಚಲಾಗದು. ಅಂಕಿಗಳು ಎಷ್ಟು ಲಕ್ಷ ಸೇರಿದರೂ, ಗಣಕಯಂತ್ರ ಎಷ್ಟು ದೊಡ್ಡದಾದರೂ ಈ ತೊಡಕು ಕರಗುವುದಿಲ್ಲ. ಇದು ದತ್ತಾಂಶದ ಕೊರತೆಯಲ್ಲ, ಗಣಿತದ ಸ್ವಭಾವ.

ಕೂಡಲಿಯ ನೀರು

ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಸಂಗಮದ ಕೆಳಗೆ ನಿಂತು ನೀರನ್ನು ಅಳೆಯುವವನಿಗೆ ಒಟ್ಟು ಎಷ್ಟೆಂದು ಹೇಳಲು ಬರುತ್ತದೆ. ಅದರಲ್ಲಿ ತುಂಗೆಯದೆಷ್ಟು, ಭದ್ರೆಯದೆಷ್ಟು ಎಂದು ಹೇಳಲು ಬರುವುದಿಲ್ಲ. ಆದರೆ ಮಳೆಯಿಲ್ಲದ ದಿನ, ಗಾಜನೂರಿನ ಗೇಟುಗಳು ಮುಚ್ಚಿರುವಾಗ, ಭದ್ರಾ ಜಲಾಶಯದಿಂದ ನೀರು ಬಿಟ್ಟದ್ದು ತಿಳಿದಿದ್ದರೆ, ಕೂಡಲಿಯಲ್ಲಿ ದಿಢೀರನೆ ಕಂಡ ಏರಿಕೆ ಭದ್ರೆಯದೇ ಎಂದು ಧೈರ್ಯವಾಗಿ ಹೇಳಬಹುದು.

ರೋಗದ ಲೆಕ್ಕದಲ್ಲೂ ಹೀಗೆಯೇ. ನಿಶ್ಚಿತವಾಗಿ ತಿಳಿಯುವ ಸಂಗತಿಗಳು ಎರಡು ಬಗೆಯವು.

ಮೊದಲನೆಯದು ಕೆಲವು ಮೊತ್ತಗಳು. ೫೦ ವಯಸ್ಸಿನವರನ್ನೇ ತೆಗೆದುಕೊಂಡು ೧೯೯೦, ೨೦೦೦, ೨೦೧೦ ಎಂದು ಮೇಲಿನಿಂದ ಕೆಳಕ್ಕೆ ಬಂದರೆ ಕಾಲವೂ ಪೀಳಿಗೆಯೂ ಒಟ್ಟಿಗೆ ಸರಿಯುತ್ತವೆ. ಆ ಎರಡರ ಒಟ್ಟು ಗತಿ, ನಮ್ಮ ಕೋಷ್ಟಕದಲ್ಲಿ ಹತ್ತು ವರ್ಷಕ್ಕೆ ಇಮ್ಮಡಿ, ಖಚಿತ. ಕ್ಲೇಟನ್ ಮತ್ತು ಶಿಫ್ಲರ್ಸ್ ಎಂಬ ವಿದ್ವಾಂಸರು ೧೯೮೭ರಲ್ಲಿ ಇದನ್ನೇ ಎತ್ತಿ ಹೇಳಿ, ಒಟ್ಟು ಗತಿಯನ್ನು ಕಾಲದ ತಲೆಗೋ ಪೀಳಿಗೆಯ ತಲೆಗೋ ಕಟ್ಟುವ ಅವಸರ ಬೇಡವೆಂದು ಎಚ್ಚರಿಸಿದರು.

ಎರಡನೆಯದು ಬಾಗುಗಳು. ಗತಿಯು ಒಮ್ಮೆಗೇ ತಿರುಗಿದರೆ ಆ ತಿರುವು ತನ್ನ ವಿಳಾಸವನ್ನು ತಾನೇ ಹೇಳುತ್ತದೆ. ನಮ್ಮ ಕೋಷ್ಟಕದಲ್ಲಿ ೨೦೨೦ರ ಸಾಲು ಪೂರ್ತಿ ೬೪ರ ಬದಲು ೩೨ ಆಗಿದ್ದರೆ, ಎಲ್ಲ ವಯಸ್ಸಿನವರಲ್ಲೂ ಒಂದೇ ವರ್ಷದಲ್ಲಿ ತಿರುವು ಬಂದಂತಾಯಿತು. ಅದು ಕಾಲದ ಗುರುತು. ಹಾಗಲ್ಲದೆ ೨೦೧೦ರಲ್ಲಿ ೩೦ರವರು, ೨೦೨೦ರಲ್ಲಿ ೩೦ ಮತ್ತು ೪೦ರವರು ಮಾತ್ರ ಅರ್ಧಕ್ಕೆ ಇಳಿದಿದ್ದರೆ, ಇಳಿಕೆ ಮೆಟ್ಟಿಲಿನಂತೆ ಓರೆಯಾಗಿ ಸಾಗುತ್ತದೆ. ೧೯೮೦ ಮತ್ತು ಆನಂತರ ಹುಟ್ಟಿದವರಲ್ಲಿ ಏನೋ ಬದಲಾಗಿದೆ ಎಂದರ್ಥ. ಪ್ರತಿ ವರ್ಷವೂ ಒಂದೇ ವಯಸ್ಸಿನಲ್ಲಿ ತಿರುವು ಕಂಡರೆ ಅದು ದೇಹಧರ್ಮ. ೧೯೮೩ರಲ್ಲಿ ಹೋಲ್ಫರ್ಡ್ ತೋರಿಸಿದ ದಾರಿ ಇದೇ: ನೇರಗತಿಯನ್ನು ಒಂದು ಕಡೆ ಇಟ್ಟು ಬಾಗುಗಳನ್ನು ಬೇರೆಯಾಗಿ ಓದುವುದು.

ಈ ಕೆಲಸದಲ್ಲಿ ವಿದ್ವಾಂಸರು ಪ್ರಮಾಣಗಳ ಲಘುಗಣಕವನ್ನು ತೆಗೆದುಕೊಳ್ಳುತ್ತಾರೆ. ಆಗ ಗುಣಾಕಾರವು ಕೂಡಿಕೆಯಾಗಿ ಸರಳವಾಗುತ್ತದೆ. ರೋಗಿಗಳ ಎಣಿಕೆಯಲ್ಲಿ ಬರುವ ಆಕಸ್ಮಿಕ ಏರುಪೇರಿಗೆ ಪಾಯ್ಸಾನ್ ಎಂಬ ಗಣಿತಜ್ಞನ ಹೆಸರಿನ ಸೂತ್ರವನ್ನು ಬಳಸುತ್ತಾರೆ. ಮೂರನ್ನೂ ಪೂರ್ತಿ ಬೇರ್ಪಡಿಸಿ ಕೊಡುವುದಾಗಿ ಹೇಳುವ ಹಲವು ವಿಧಾನಗಳೂ ಬಂದಿವೆ. ಆದರೆ ಅವುಗಳಲ್ಲಿ ಪ್ರತಿಯೊಂದೂ ಎಲ್ಲೋ ಒಂದು ಊಹೆಯನ್ನು ಒಳಗೆ ಸೇರಿಸಿರುತ್ತದೆ. ಊಹೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಆದ್ದರಿಂದ ಇಂಥ ಅಧ್ಯಯನವನ್ನು ಓದುವಾಗ ಕೇಳಬೇಕಾದ ಮೊದಲ ಪ್ರಶ್ನೆ: ನೇರಗತಿಯನ್ನು ಯಾವ ಆಧಾರದ ಮೇಲೆ ಹಂಚಲಾಗಿದೆ?

ಹೊರಗಿನ ತಿಳಿವಿನ ನೆರವು

ಅಂಕಿಗಳು ಹೇಳದ್ದನ್ನು ವೈದ್ಯಶಾಸ್ತ್ರ ಹೇಳಬಲ್ಲದು. ನಮ್ಮ ಕೋಷ್ಟಕದ ರೋಗವು ಕ್ಯಾನ್ಸರ್ ಎಂದಿಟ್ಟುಕೊಳ್ಳೋಣ. ೩೦ರಿಂದ ೬೦ರವರೆಗೆ ಅದು ವಯಸ್ಸಿನೊಂದಿಗೆ ಹೆಚ್ಚುವಂಥದ್ದೆಂದು ಬೇರೆ ಮೂಲಗಳಿಂದ ತಿಳಿದಿದೆ. ಆದರೂ ನಮ್ಮ ಸಾಲು ಸಮವಾಗಿದೆ, ೩೦ರವನಿಗೂ ೬೦ರವನಿಗೂ ಒಂದೇ ಪ್ರಮಾಣ. ಸಾಲಿನೊಳಗೆ ವರ್ಷ ಒಂದೇ ಆದ್ದರಿಂದ ಕಾಲವು ಇದಕ್ಕೆ ಕಾರಣವಾಗಲಾರದು. ವಯಸ್ಸು ಎಷ್ಟನ್ನು ಏರಿಸಿತೋ ಅಷ್ಟನ್ನೇ ಹಳೆಯ ಪೀಳಿಗೆಯ ಸೌಭಾಗ್ಯ ಇಳಿಸಿದೆ. ಎಂದರೆ ಹೊಸ ಪೀಳಿಗೆ ಹೆಚ್ಚಿನ ಹೊರೆಯನ್ನು ಹೊತ್ತು ಬಂದಿದೆ. ಹೊರಗಿನ ಒಂದು ತಿಳಿವು ಸೇರಿದ ಕೂಡಲೇ, ಮೂಕವಾಗಿದ್ದ ಕೋಷ್ಟಕ ಮಾತನಾಡಿತು. ನಾವು ಆರಂಭದಲ್ಲಿ ಕಂಡ ಮನೆಯ ಸೊಸೆಯ ಮಾತನ್ನು ಹಗುರವಾಗಿ ತಳ್ಳಿಹಾಕಬಾರದೆಂಬುದಕ್ಕೆ ಇದೇ ಕಾರಣ. ಒಂದೇ ಮನೆಯಿಂದ ಏನನ್ನೂ ಸಿದ್ಧಪಡಿಸಲಾಗದು. ಆದರೆ ಮೂವತ್ತರವರಲ್ಲಿ ಅರವತ್ತರವರಷ್ಟೇ ರೋಗವಿದ್ದರೆ ಅದು ಸಮಾಜಕ್ಕೆ ಬಂದ ಎಚ್ಚರಿಕೆಯ ಗಂಟೆ.

ನಮ್ಮ ನಾಡಿನಲ್ಲಿ ಇಂಥ ಪರಿಶೀಲನೆಗೆ ಆಧಾರವಾಗಿರುವುದು ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ. ೧೯೮೨ರಿಂದ ಮುಂಬಯಿ ಮತ್ತು ಚೆನ್ನೈ ನಗರಗಳ ಜೊತೆಗೆ ಬೆಂಗಳೂರಿನಲ್ಲೂ ನಗರದ ಜನಸಂಖ್ಯೆಯನ್ನು ಆಧರಿಸಿ ಹೊಸ ರೋಗಿಗಳನ್ನು ದಾಖಲಿಸಲಾಗುತ್ತಿದೆ. ಈ ದಶಕಗಳಲ್ಲಿ ಅಲ್ಲಿ ಮಹಿಳೆಯರ ಗರ್ಭಕಂಠದ ಕ್ಯಾನ್ಸರ್ ಪ್ರಮಾಣ ಇಳಿದಿದೆ, ಸ್ತನ ಕ್ಯಾನ್ಸರ್ ಏರಿದೆ. ತಡವಾದ ಮದುವೆ, ಕಡಿಮೆ ಹೆರಿಗೆಗಳು ಮೊದಲನೆಯದನ್ನು ತಗ್ಗಿಸುವಂಥವು, ಎರಡನೆಯದನ್ನು ಹೆಚ್ಚಿಸುವಂಥವು. ಒಂದೇ ಪೀಳಿಗೆಯ ಬಾಳಿನ ಬದಲಾವಣೆ ಎರಡು ರೋಗಗಳನ್ನು ಎರಡು ದಿಕ್ಕಿಗೆ ಎಳೆಯಬಲ್ಲದು.

ಅಡಿಕೆಯ ಸೀಮೆಗೆ ಒಂದು ಪ್ರಶ್ನೆ

ನಮ್ಮ ಓದುಗರಲ್ಲಿ ಅನೇಕರು ಅಡಿಕೆ ಬೆಳೆಗಾರರು. ಅವರಿಗೆ ಕಹಿಯೆನಿಸಿದರೂ ಆರೋಗ್ಯದ ಪುಟದಲ್ಲಿ ಹೇಳಲೇಬೇಕಾದ ಸಂಗತಿಯೊಂದಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಬೆರೆತ ಎಲೆಅಡಿಕೆಯನ್ನು ೧೯೮೫ರಲ್ಲೇ ಕ್ಯಾನ್ಸರ್‌ಕಾರಕವೆಂದು ತೀರ್ಮಾನಿಸಿತ್ತು. ತಂಬಾಕಿಲ್ಲದ ಎಲೆಅಡಿಕೆ ಮತ್ತು ಅಡಿಕೆಯೂ ಆ ಗುಂಪಿಗೆ ಸೇರುತ್ತವೆಂದು ೨೦೦೪ರಲ್ಲಿ ಪ್ರಕಟವಾದ ಸಂಪುಟದಲ್ಲಿ ಹೇಳಿತು.

ತಂಬಾಕು ಸೇರಿದ ಗುಟ್ಕಾ ಚಿಕ್ಕ ಪೊಟ್ಟಣಗಳಲ್ಲಿ ಅಂಗಡಿ ಅಂಗಡಿಯ ಮುಂದೆ ತೂಗತೊಡಗಿದ್ದು ೧೯೮೦ರ ದಶಕದಿಂದ ಈಚೆಗೆ. ಕರ್ನಾಟಕದಲ್ಲಿ ಅದನ್ನು ನಿಷೇಧಿಸಿದ್ದು ೨೦೧೩ರಲ್ಲಿ. ಆ ಮೇಲೂ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಬೇರೆ ಬೇರೆಯಾಗಿ ಕೊಂಡು ಬೆರೆಸಿಕೊಳ್ಳುವ ರೂಢಿ ಬೆಳೆಯಿತು. ಈಗ ಯೋಚಿಸೋಣ. ೧೯೮೫ರಿಂದ ೨೦೦೦ದ ನಡುವೆ ಹದಿನೈದು ಇಪ್ಪತ್ತರ ಪ್ರಾಯದಲ್ಲಿ ಈ ಚಟ ಕಲಿತವರು ಸುಮಾರಾಗಿ ೧೯೬೫ರಿಂದ ೧೯೮೫ರ ನಡುವೆ ಹುಟ್ಟಿದವರು. ೨೦೨೫ಕ್ಕೆ ಅವರಿಗೆ ೪೦ರಿಂದ ೬೦ ವಯಸ್ಸು, ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ಪತ್ತೆಯಾಗುವ ಪ್ರಾಯ. ಆದ್ದರಿಂದ ನಿಷೇಧವಾದ ಹತ್ತು ಹನ್ನೆರಡು ವರ್ಷಗಳಲ್ಲಿ ಒಟ್ಟು ರೋಗಿಗಳ ಸಂಖ್ಯೆ ಇಳಿಯದಿದ್ದರೆ "ನಿಷೇಧ ಸೋತಿತು" ಎಂದು ತೀರ್ಪು ಕೊಡುವುದು ತಪ್ಪು; ಆ ಸಂಖ್ಯೆಯಲ್ಲಿ ಕಾಣುತ್ತಿರುವುದು ಮೂವತ್ತು ವರ್ಷ ಹಿಂದಿನ ಬಿತ್ತನೆಯ ಫಸಲು. ನಿಷೇಧ ಫಲಿಸಿದ್ದರೆ ಮೊದಲ ಇಳಿಕೆ ಕಾಣಬೇಕಾದದ್ದು ಮೂವತ್ತರ ಆಸುಪಾಸಿನವರಲ್ಲಿ. ಅದು ವರ್ಷ ಕಳೆದಂತೆ ಓರೆಯಾಗಿ ಮೇಲಿನ ವಯಸ್ಸಿಗೆ ಹತ್ತುತ್ತದೆ. ಅಲ್ಲೂ ಇಳಿಯದಿದ್ದರೆ ಮಾತ್ರ ಚಿಂತಿಸಬೇಕು.

ವಿಂಗಡಣೆಯಿಂದ ಕರ್ತವ್ಯವೂ ಬೇರೆಬೇರೆಯಾಗುತ್ತದೆ. ಹೊರೆ ಪೀಳಿಗೆಯದಾದರೆ ಈಗ ನಲವತ್ತು ದಾಟಿದವರ ಬಾಯಿಯನ್ನು ತಪ್ಪದೆ ಪರೀಕ್ಷಿಸಬೇಕು, ಶಾಲೆಯ ಮಕ್ಕಳನ್ನು ಚಟದಿಂದ ದೂರವಿಡಬೇಕು. ಎರಡು ವಾರ ಕಳೆದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಮೆಗ್ಗಾನ್ ಆಸ್ಪತ್ರೆಗೋ ಹತ್ತಿರದ ದಂತವೈದ್ಯರಲ್ಲಿಗೋ ಹೋಗಬೇಕು. ಪೀಳಿಗೆಯ ಪ್ರಭಾವವೆಂದರೆ ಹಣೆಬರಹವಲ್ಲ; ಚಟವನ್ನು ಯಾವ ವಯಸ್ಸಿನಲ್ಲಿ ಬಿಟ್ಟರೂ ಅಪಾಯ ತಗ್ಗುತ್ತದೆ.

ಭದ್ರಾವತಿಯ ಛೇದ

ಪ್ರಮಾಣವೆಂದರೆ ಭಿನ್ನರಾಶಿ. ಮೇಲೆ ರೋಗಿಗಳು, ಕೆಳಗೆ ಒಟ್ಟು ಜನ. ಕೆಳಗಿನ ಸಂಖ್ಯೆ ತಪ್ಪಾದರೆ ಮೇಲಿನದು ಸರಿಯಿದ್ದೂ ವ್ಯರ್ಥ. ಬೆಂಕಿಪುರವೆಂದಿದ್ದ ಊರು ೧೯೨೩ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದ ಮೇಲೆ, ಮುಂದಿನ ದಶಕದಲ್ಲಿ ಕಾಗದದ ಕಾರ್ಖಾನೆಯೂ ಬಂದ ಮೇಲೆ, ಹೊರಗಿನಿಂದ ಬಂದ ಯುವಕರಿಂದ ತುಂಬಿತು. ಕಾರ್ಖಾನೆಗಳು ಸೊರಗಿದಾಗ ಯುವಕರು ಊರು ಬಿಟ್ಟರು, ನಿವೃತ್ತರು ಉಳಿದರು. ೨೦೦೧ರಲ್ಲಿ ಸುಮಾರು ೧ ಲಕ್ಷ ೬೦ ಸಾವಿರವಿದ್ದ ನಗರದ ಜನಸಂಖ್ಯೆ ೨೦೧೧ರ ಜನಗಣತಿಯಲ್ಲಿ ಸುಮಾರು ೧ ಲಕ್ಷ ೫೧ ಸಾವಿರಕ್ಕೆ ಇಳಿಯಿತು. ಅದೇ ಜನಗಣತಿಯಲ್ಲಿ ಶಿವಮೊಗ್ಗ ನಗರದ್ದು ೩ ಲಕ್ಷ ೨೨ ಸಾವಿರ ದಾಟಿತ್ತು. ಇಂಥ ಊರಿನಲ್ಲಿ ವಯಸ್ಸನ್ನು ವಿಂಗಡಿಸದೆ "ಭದ್ರಾವತಿಯಲ್ಲಿ ಹೃದಯಾಘಾತ ಹೆಚ್ಚಿದೆ" ಎಂದರೆ, ಉಳಿದವರು ಹಿರಿಯರೆಂಬುದನ್ನೇ ಬೇರೆ ಮಾತಿನಲ್ಲಿ ಹೇಳಿದಂತಾಗಬಹುದು. ಬಂದವರು ತಮ್ಮ ಬಾಲ್ಯವನ್ನು ಬೇರೆಡೆ ಕಳೆದವರು, ಹೋದವರು ತಮ್ಮ ರೋಗವನ್ನು ಬೇರೆ ಊರಿನ ಲೆಕ್ಕಕ್ಕೆ ಬರೆಸುವವರು, ಇದನ್ನೂ ಮರೆಯಬಾರದು.

ಇನ್ನೊಂದು ದೋಷ ನಮ್ಮ ಮನೆಗಳಲ್ಲೇ ಹುಟ್ಟುತ್ತದೆ. ಆಸ್ಪತ್ರೆಯಲ್ಲಿ ವಯಸ್ಸು ಕೇಳಿದಾಗ ೪೭ರವರು "ಐವತ್ತು" ಎನ್ನುತ್ತಾರೆ, ೬೩ರವರು "ಅರವತ್ತೈದು" ಎನ್ನುತ್ತಾರೆ. ಐದು, ಹತ್ತುಗಳ ಮೇಲೆ ವಯಸ್ಸು ಗುಡ್ಡೆಯಾಗಿ ಬೀಳುವುದು ನಮ್ಮ ಜನಗಣತಿಗಳಲ್ಲಿ ಹಳೆಯ ಸಂಗತಿ. ಆ ಒಂದು ಸುಲಭದ ಮಾತಿನಿಂದ ವ್ಯಕ್ತಿಯು ಬೇರೆ ಪೀಳಿಗೆಗೆ ಸೇರಿಬಿಡುತ್ತಾನೆ, ಬಾಗುಗಳು ಮಸುಕಾಗುತ್ತವೆ.

ನಾವು ಮಾಡಬಹುದಾದದ್ದು

ಮನೆಯಲ್ಲಿ ಪ್ರತಿಯೊಬ್ಬರ ಹುಟ್ಟಿದ ವರ್ಷವನ್ನು ಬರೆದಿಡೋಣ. ಆಸ್ಪತ್ರೆಯಲ್ಲಿ ವಯಸ್ಸಿನ ಬದಲು ಹುಟ್ಟಿದ ವರ್ಷವನ್ನೇ ಹೇಳೋಣ. ಜನನ ಮರಣಗಳನ್ನು ಕಾನೂನು ಹೇಳುವ ೨೧ ದಿನಗಳೊಳಗೆ ನೋಂದಾಯಿಸೋಣ. ಮರಣದ ಕಾರಣವನ್ನು ವೈದ್ಯರು ಸರಿಯಾಗಿ ಬರೆದುಕೊಡುವಂತೆ ವಿನಯದಿಂದ ಕೇಳೋಣ. "ಹೃದಯ ನಿಂತಿತು" ಎಂಬುದು ಕಾರಣವಲ್ಲ, ಅದು ಎಲ್ಲ ಸಾವಿಗೂ ಸಮಾನ. ತಂದೆಗೆ, ತಾಯಿಗೆ ಯಾವ ವಯಸ್ಸಿನಲ್ಲಿ ಯಾವ ರೋಗ ಬಂತೆಂಬುದನ್ನು ಮಕ್ಕಳು ತಿಳಿದಿರಲಿ.

ಇನ್ನು ಮೇಲೆ ಪತ್ರಿಕೆಯಲ್ಲಿ "ರೋಗ ಇಮ್ಮಡಿಯಾಯಿತು" ಎಂಬ ಸುದ್ದಿ ಕಂಡಾಗ ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ. ಊರಿಗೆ ವಯಸ್ಸಾಯಿತೇ? ಆ ವರ್ಷ ಎಲ್ಲರನ್ನೂ ತಟ್ಟಿದ್ದು ಏನಾದರೂ ಇತ್ತೇ, ಅಥವಾ ಹೊಸ ಪರೀಕ್ಷಾ ಯಂತ್ರ ಬಂದು ಮೊದಲು ಕಾಣದಿದ್ದುದು ಕಂಡಿತೇ? ಯಾವ ವರ್ಷಗಳಲ್ಲಿ ಹುಟ್ಟಿದವರು ಹೆಚ್ಚು ಬಳಲುತ್ತಿದ್ದಾರೆ? ಛೇದ ಸರಿಯಿದೆಯೇ? ಅಜ್ಜಿ, ಮಗ, ಸೊಸೆ ಮೂವರೂ ಹೇಳಿದ್ದರಲ್ಲಿ ಒಂದೊಂದು ಸತ್ಯವಿತ್ತು. ಯಾವುದು ಎಷ್ಟೆಂದು ಪೂರ್ತಿ ಬೇರ್ಪಡಿಸಲು ಲೆಕ್ಕವೊಂದರಿಂದಲೇ ಆಗದು; ಆದರೆ ಒಬ್ಬರ ಮಾತಿಗೇ ಪೂರ್ತಿ ಒಲಿದು ಉಳಿದಿಬ್ಬರನ್ನು ಮರೆಯದಂತೆ ಅದು ನಮ್ಮನ್ನು ಕಾಯುತ್ತದೆ. ಮೊಮ್ಮಗನಿಗೆ ಮೂವತ್ತರ ಒಳಗೇ ಬಂದ ಎಚ್ಚರಿಕೆಯನ್ನು ಕಾಲದ ಮೇಲೆ ಹೊರಿಸಿ ಸುಮ್ಮನೆ ಕುಳಿತುಕೊಳ್ಳದೆ, ಅವನ ತಟ್ಟೆ, ಅವನ ನಡಿಗೆ, ಅವನ ನಿದ್ದೆಯ ಕಡೆಗೆ ಇಂದೇ ಗಮನ ಹರಿಸುವುದು ಮನೆಯವರೆಲ್ಲರ ಹೊಣೆ.